ಕೋಣನ ಪಾಲು

ನನ್ನ ಅಣ್ಣ ತಿಪ್ಪೇಶ ಕಳ್ಳ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ, ಅವನ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತು, ಮೂರು ಸಲ ಕೂಗಿ ಹೇಳಿದ್ದೇನೆ. ಅವನು ಕದ್ದದ್ದು ಹೊಲವಲ್ಲ, ಮನೆಯಲ್ಲ, ಅವ್ವನ ಒಡವೆಯಲ್ಲ. ಒಂದು ಬೊಂಬೆ. ನಗುವವರು ನಗಲಿ. ನಕ್ಕವರ ಮೇಲೂ ನನಗೆ ಸಿಟ್ಟಿದೆ.

ಬೊಂಬೆ ಎಂದರೆ ಗೇಣುದ್ದವೂ ಇಲ್ಲ, ಅಂಗೈ ಮೇಲೆ ನಿಲ್ಲುತ್ತದೆ. ಟಿವಿಗೆ ಸಿಕ್ಕಿಸಿ ಆಡುವ ಒಂದು ಹೊಡೆದಾಟದ ವಿಡಿಯೊ ಗೇಮ್ ಇದೆ. ಅದರಲ್ಲಿ ಬರುವ ಜಟ್ಟಿಗಳನ್ನೇ ಪ್ಲಾಸ್ಟಿಕ್ಕಿನಲ್ಲಿ ಮಾಡಿ ಮಾರುತ್ತಾರೆ. ಪ್ರತಿ ಬೊಂಬೆಯ ಪೀಠದೊಳಗೂ ಒಂದು ಚಿಪ್. ಆಟದ ರಿಮೋಟಿನ ಮೇಲೆ ಬೊಂಬೆಯನ್ನು ಇಟ್ಟರೆ ಅದು ಟಿವಿಯೊಳಗೆ ಬಂದು ತಾನೇ ಹೊಡೆದಾಡುತ್ತದೆ. ನೀವು ಅದರ ಎದುರು ಆಡಿದಷ್ಟೂ ಅದು ನಿಮ್ಮನ್ನು ನೋಡಿ ಕಲಿಯುತ್ತದೆ. ಯಾವಾಗ ಮುನ್ನುಗ್ಗುತ್ತೀರಿ, ಯಾವಾಗ ಹೆದರುತ್ತೀರಿ, ಏಟು ಬಿದ್ದರೆ ಯಾವ ಕಡೆ ಓಡುತ್ತೀರಿ, ಎಲ್ಲವೂ ಆ ಚಿಪ್ಪಿನಲ್ಲಿ ಉಳಿಯುತ್ತದೆ. ಅಂಗಡಿಯಿಂದ ತಂದ ಹೊಸದರಲ್ಲಿ ಅದಕ್ಕೆ ಏನೂ ಬರುವುದಿಲ್ಲ, ಎದುರಾಳಿಯನ್ನು ಬಿಟ್ಟು ಗೋಡೆಗೆ ಗುದ್ದುತ್ತಿರುತ್ತದೆ. ಆರು ವರ್ಷ ಸಾಕಿದರೆ ಅದು ನೀವೇ ಆಗಿರುತ್ತದೆ.

ನಮ್ಮ ಮನೆಯಲ್ಲಿ ಹದಿನಾಲ್ಕು ಬೊಂಬೆಗಳಿದ್ದವು. ನನಗೆ ಮೂವತ್ತಾರು, ಅಣ್ಣನಿಗೆ ನಲವತ್ತೊಂದು. ವಯಸ್ಸಿನ ಮಾತು ಯಾರೂ ಎತ್ತಬೇಡಿ. ನಾನು ಸಾಕಿದ್ದು ಎರಡು ಕೊಂಬಿನ ಒಬ್ಬ ಕಪ್ಪು ಜಟ್ಟಿಯನ್ನು. ಡಬ್ಬಿಯ ಮೇಲೆ ಏನೋ ಹೆಸರಿತ್ತು, ನಾವು ಕೋಣ ಅಂತ ಕರೆದೆವು. ಮೋಟಾರ್ ರಿವೈಂಡಿಂಗ್ ಕೆಲಸ ಮುಗಿಸಿ ಬಂದು, ಕೈಗೆ ಮೆತ್ತಿದ ವಾರ್ನಿಷ್ ತೊಳೆದು, ದಿನಾ ಒಂದು ಗಂಟೆ ಕೋಣನ ಎದುರು ಕೂರುತ್ತಿದ್ದೆ. ತರೀಕೆರೆಯಲ್ಲಿ ದುಶ್ಯಂತ್ ಎಂಬ ಅಂಗಡಿಯವನು ವರ್ಷಕ್ಕೊಂದು ಸಲ ಬೊಂಬೆಗಳ ಪಂದ್ಯ ಇಡುತ್ತಾನೆ. ಅಲ್ಲಿ ಮನುಷ್ಯರು ಗುಂಡಿ ಒತ್ತುವಂತಿಲ್ಲ; ಬೊಂಬೆ ಇಟ್ಟು ಕೈಕಟ್ಟಿ ನಿಲ್ಲಬೇಕು. ಕೋಣ ಅಲ್ಲಿ ಮೂರು ವರ್ಷ ಗೆದ್ದಿತ್ತು. ಗೆದ್ದಾಗಲೆಲ್ಲ ತಿಪ್ಪೇಶ, "ಅಂಗಡೀಲಿ ಆರ್ಸಿ ತಂದೋನು ನಾನು ಕಣೋ" ಅನ್ನುತ್ತಿದ್ದ.

ಒಂದು ಮಾತು ಒಪ್ಪಿಕೊಳ್ಳಬೇಕು, ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ. ಬೊಂಬೆ ಬಿಟ್ಟು ನಾವಿಬ್ಬರೇ ಪಕ್ಕಪಕ್ಕ ಕೂತು ಆಡಿದರೆ ಗೆಲ್ಲುತ್ತಿದ್ದವನು ಅವನೇ. ಊರಿನ ಬೇರೆ ಯಾರ ಕೈಯಲ್ಲೂ ನಾನು ಸೋತವನಲ್ಲ.

ಒಲೆ ಎರಡಾಗಿ ಎರಡು ವರ್ಷವಾದ ಮೇಲೆ, ಹೋದ ವರ್ಷ ಪಾಲಾಯಿತು. ಅಪ್ಪನ ತಮ್ಮ ಚಿಕ್ಕಬೀರಪ್ಪ ಹಿರಿಯರಾಗಿ ಬಂದು ನಡುಮನೆಯಲ್ಲಿ ಕೂತರು. ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ ಹೀಗಿದೆ: ಅಣ್ಣ ಪಾಲು ಮಾಡಬೇಕು, ತಮ್ಮ ಆರಿಸಿಕೊಳ್ಳಬೇಕು. ದೊಡ್ಡ ಗುಡ್ಡೆಯನ್ನು ತಮ್ಮ ಎತ್ತಿಕೊಂಡಾನು ಎಂಬ ಭಯಕ್ಕೆ ಅಣ್ಣ ಸರಿಯಾಗಿ ಹಂಚುತ್ತಾನೆ ಎಂಬ ಲೆಕ್ಕ. ಆದರೆ ತಮ್ಮ ಒಂದು ಸಲ ಪಾಲು ಮುಟ್ಟಿ ಎತ್ತಿದನೋ, ಅಲ್ಲಿಗೆ ಮುಗಿಯಿತು. ಆಮೇಲೆ ಬಾಯಿ ತೆಗೆಯುವಂತಿಲ್ಲ.

ಹೊಲ, ಮನೆ, ಕೊಟ್ಟಿಗೆ, ಪಾತ್ರೆ ಎಲ್ಲ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಖಾತೆ ಬದಲಾವಣೆಗೆ ಯಾವತ್ತು ಹೋಗುವುದೆಂದೂ ಮಾತಾಯಿತು. ಕೊನೆಗೆ ಉಳಿದದ್ದು ಬೊಂಬೆಗಳು. ತಿಪ್ಪೇಶ ಒಳಗೆ ಹೋಗಿ ಅವನ್ನು ತಂದು ಚಾಪೆಯ ಮೇಲೆ ಇಟ್ಟ. ಈ ಕಡೆ ಹದಿಮೂರು ಬೊಂಬೆ, ಗೇಮಿನ ಡಬ್ಬ, ಎರಡೂ ರಿಮೋಟು. ಆ ಕಡೆ ಕೋಣ ಒಂದೇ.

"ಇದೇನ್ಲಾ ತಿಪ್ಪೇಶ, ಪಾಲು ಮಾಡೋದು ಹಿಂಗಾ?" ಅಂದರು ಚಿಕ್ಕಪ್ಪ.

"ಅವ್ನು ಆರಿಸ್ಲಿ ಬಿಡು ಚಿಕ್ಕಪ್ಪ."

ಅಣ್ಣ ನನಗೋಸ್ಕರ ಕೋಣನನ್ನು ಬೇರೆ ಇಟ್ಟಿದ್ದಾನೆ, ಎಲ್ಲರೆದುರು ಕೊಡುತ್ತಿದ್ದಾನೆ ಅಂದುಕೊಂಡೆ. ಇವತ್ತಿಗೂ ನನ್ನನ್ನು ಸುಡುವುದು ಆ ಒಂದು ಗಳಿಗೆಯೇ. ಕೋಣನನ್ನು ಎತ್ತಿಕೊಂಡೆ. ಎಡಗೊಂಬಿನ ಹಳೆಯ ಗೀರು ಇತ್ತು, ಪೀಠದ ಮೇಲೆ ನನ್ನ ಕೈಯಿಂದ ಮೆತ್ತಿದ್ದ ವಾರ್ನಿಷ್ ಕಲೆಯೂ ಇತ್ತು.

ಅವ್ವನನ್ನೂ ಹೆಂಡತಿ ಅನುಷಾಳನ್ನೂ ಕರೆದುಕೊಂಡು ಕಡೂರಿಗೆ ಬಂದು, ಸ್ಟೇಷನ್ ರಸ್ತೆಯಲ್ಲಿ ರಿವೈಂಡಿಂಗ್ ಅಂಗಡಿ ಹಾಕಿದೆ. ಹೊಸ ಗೇಮ್ ತಂದು ಟಿವಿಗೆ ಸಿಕ್ಕಿಸಿ, ರಿಮೋಟಿನ ಮೇಲೆ ಕೋಣನನ್ನು ಇಟ್ಟೆ. ಅದು ಒಳಗೆ ಬಂತು, ನನ್ನನ್ನು ಕಣ್ಣೆತ್ತಿಯೂ ನೋಡದೆ ನೆಟ್ಟಗೆ ಹೋಗಿ ಗೋಡೆಗೆ ಗುದ್ದತೊಡಗಿತು.

ಅಂಥದೇ ಇನ್ನೊಂದು ಬೊಂಬೆ ತರಿಸಿ, ಮೊಬೈಲ್ ಬಿಚ್ಚುವ ಚಿಮಟದಿಂದ ಕೊಂಬು ಗೀರಿ, ನನ್ನದೇ ಡಬ್ಬಿಯ ವಾರ್ನಿಷ್ ಹಚ್ಚಿದ್ದ ನನ್ನ ಅಣ್ಣ! ಫೋನ್ ಮಾಡಿದರೆ ಸುಳ್ಳು ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

"ಹೂಂ, ಬದ್ಲಾಯ್ಸಿದೆ. ಏನೀಗ? ಪಾಲು ಮುಟ್ಟಿದ್ಮೇಲೆ ಮುಗೀತು. ಹೋಗಿ ಚಿಕ್ಕಪ್ಪನ್ನ ಕೇಳು."

ಚಿಕ್ಕಪ್ಪನನ್ನೂ ಕೇಳಿದೆ. "ಕೋಣ ಬೇಕಿತ್ತು, ಕೋಣ ಎತ್ಕೊಂಡೆ" ಅಂದರು. "ಬೊಂಬೆ ಹೊಟ್ಟೇಲಿ ಏನೈತೆ ಅಂತ ನಾನ್ಯಾಕಪ್ಪಾ ನೋಡ್ಲಿ? ಎತ್ತೋಕ್ ಮುಂಚೆ ನೀನ್ ನೋಡ್ಬೇಕಿತ್ತು."

ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಕೂಗಾಡಿದ್ದು ಆ ವಾರವೇ. ಮೂರನೆಯ ಸಲ ಹೋದಾಗ ತಿಪ್ಪೇಶ ಅಂಗಡಿಯಿಂದ ಇಳಿದು ಬಂದ. ಜನ ಸೇರಿದ್ದರು, ಚಿಕ್ಕಪ್ಪನೂ ಇದ್ದರು. ತರೀಕೆರೆಯ ಪಂದ್ಯಕ್ಕೆ ಇನ್ನು ಎಂಟು ತಿಂಗಳಿತ್ತು; ಅದಕ್ಕೆ ನನ್ನ ಕೋಣನನ್ನು ತಾನೇ ಒಯ್ಯುತ್ತೇನೆಂದು ಅವನು ಅಷ್ಟೊತ್ತಿಗೆ ಊರಿಗೆಲ್ಲ ಹೇಳಿಕೊಂಡಿದ್ದ.

"ನಾನೂ ಬತ್ತೀನಿ" ಅಂದೆ. "ಸೋತೋನು ತನ್ನ ಬೊಂಬೆ ಗೆದ್ದೋನಿಗೆ ಕೊಡ್ಬೇಕು. ಚಿಕ್ಕಪ್ಪನ ಎದುರಿಗೇ ಹೇಳ್ತಿದೀನಿ."

"ಎಂಟು ತಿಂಗ್ಳಲ್ಲಿ ಆ ಖಾಲಿ ಬೊಂಬೆಗೆ ಏನ್ ಕಲಿಸ್ತೀಯೋ? ಬಾ, ಅದನ್ನೂ ಇಟ್ಕೋತೀನಿ" ಅಂದು ನಕ್ಕ.

ಅವನು ನಕ್ಕದ್ದರಲ್ಲಿ ತಪ್ಪಿರಲಿಲ್ಲ. ಆರು ವರ್ಷ ಕಲಿತದ್ದನ್ನು ಎಂಟು ತಿಂಗಳು ಕಲಿತದ್ದು ಹೊಡೆಯುವುದು ಹೇಗೆ? ಅಂಗಡಿಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಾ ಇದನ್ನೇ ಯೋಚಿಸಿದೆ. ಅಣ್ಣನ ಹತ್ತಿರ ಇರುವ ಕೋಣ ಎಂದರೆ ನಾನು. ನನ್ನನ್ನು ಸೋಲಿಸಬಲ್ಲವನು ಯಾರು? ಉತ್ತರ ಹೊಳೆದಾಗ ಕೈಯಲ್ಲಿದ್ದ ತಂತಿ ಕಿತ್ತು ಬಿಸಾಡಿದೆ. ತಿಪ್ಪೇಶ ಒಬ್ಬನೇ. ಹೊಸ ಕೋಣನಿಗೆ ತಿಪ್ಪೇಶನ ಆಟವನ್ನು ಕಲಿಸಬೇಕು. ಕಲಿಸಬೇಕಾದರೆ ಅದರ ಎದುರು ನಾನು ತಿಪ್ಪೇಶನಾಗಿ ಆಡಬೇಕು.

ಎಂಟು ತಿಂಗಳು ಆಡಿದೆ. ನನ್ನ ಕೈ ಮುನ್ನುಗ್ಗು ಅನ್ನುತ್ತಿತ್ತು, ನಾನು ತಡೆಯುತ್ತಿದ್ದೆ. ತಿಪ್ಪೇಶ ಮೊದಲು ಕೈ ಮಾಡುವವನಲ್ಲ. ಸೋತವನ ಹಾಗೆ ಹಿಂದೆ ಹಿಂದೆ ಸರಿದು ಕಣದ ಅಂಚಿಗೆ ಹೋಗಿ ನಿಲ್ಲುತ್ತಾನೆ. ಎದುರಾಳಿ ಆಸೆಬಿದ್ದು ಮೇಲೆ ಬಿದ್ದರೆ ಸೊಂಟ ಹಿಡಿದು ಅಂಚಿನಾಚೆ ಎಸೆಯುತ್ತಾನೆ. ಮೂಲೆ ಪಟ್ಟು ಅಂತ ನಾವು ಅದಕ್ಕೆ ಹೆಸರಿಟ್ಟಿದ್ದೆವು. ಎಷ್ಟು ಮಾಡಿದರೂ ಆ ಹದ ಬರಲಿಲ್ಲ. ಅವನ ಹಾಗೆ ಎಡ ಮಂಡಿ ಎತ್ತಿ ಕೂತು ನೋಡಿದೆ. ಅವನ ಹಾಗೆ ನಾಲಿಗೆಯಲ್ಲಿ ಚ್ಚ್ ಚ್ಚ್ ಅನ್ನುತ್ತಾ, "ಬಾ ಮರಿ, ಬಾ" ಅನ್ನುತ್ತಾ ಆಡಿದೆ. ಆಗ ಬಂತು. ನನ್ನ ಬಾಯಲ್ಲಿ ಅವನ ದನಿ ಕೇಳಿ ನನಗೇ ಹೇಸಿಗೆಯಾಯಿತು, ಆದರೆ ನಿಲ್ಲಿಸಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೀಗೆ ಆಡುತ್ತಿದ್ದಾಗ ಅವ್ವ ಒಳಗಿನಿಂದ ಎರಡು ಲೋಟ ಟೀ ಹಿಡಿದು ಬಂದಳು. ನಮ್ಮವ್ವ ಹುಚ್ಚಮ್ಮನಿಗೆ ಕಣ್ಣು ಮಂಜು, ಕಿವಿ ಚುರುಕು.

"ತಿಪ್ಪೇಶ ಯಾವಾಗ್ ಬಂದ್ನೋ?"

"ಇಲ್ಲಿ ಯಾರೂ ಬಂದಿಲ್ಲ. ಒಳಗೋಗವ್ವ."

"ದನಿ ಕೇಳ್ತಲ್ಲೋ."

"ಯಾರೂ ಇಲ್ಲ ಅಂದ್ನಲ್ಲ!"

ಅವಳು ಒಂದು ಲೋಟ ನನ್ನ ಮುಂದೆ ಇಟ್ಟು, ಇನ್ನೊಂದನ್ನು ನನ್ನ ಪಕ್ಕದ ಖಾಲಿ ಜಾಗದಲ್ಲಿ ಇಟ್ಟು ಹೋದಳು. ನಾನು ಎದ್ದು ಆ ಲೋಟವನ್ನು ಬಚ್ಚಲಿಗೆ ಸುರಿದೆ. ಅನುಷಾ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ಭಾವನ್ನ ಬಯ್ಯೋದೂ ನೀವೇ, ದಿನಾ ಅವ್ರನ್ನ ಮನೇಗ್ ಕರ್ಕೊಂಡ್ ಬರೋದೂ ನೀವೇ" ಅಂದಳು. ಅವಳ ಮೇಲೂ ರೇಗಿದೆ. ಮೂರು ದಿನ ಮಾತು ಬಿಟ್ಟೆವು.

ಪಂದ್ಯ ನಡೆದದ್ದು ತರೀಕೆರೆಯ ಒಂದು ಸಮುದಾಯ ಭವನದಲ್ಲಿ. ಮದುವೆಗೆ ಹಾಕುವ ಪ್ಲಾಸ್ಟಿಕ್ ಕುರ್ಚಿಗಳು, ವೇದಿಕೆಯ ಮೇಲೆ ದೊಡ್ಡ ಪರದೆ. ಲಕ್ಕವಳ್ಳಿಯಿಂದ, ಅಮೃತಾಪುರದಿಂದ ಹುಡುಗರು ಬೊಂಬೆಗಳನ್ನು ಊಟದ ಡಬ್ಬಿಗಳಲ್ಲಿ ತಂದಿದ್ದರು. ಅಜ್ಜಂಪುರದವರು ಒಂದು ಟೆಂಪೊ ತುಂಬ ಬಂದಿದ್ದರು, ಬೊಂಬೆ ನೋಡಲಿಕ್ಕಲ್ಲ, ನಮ್ಮ ಜಗಳ ನೋಡಲಿಕ್ಕೆ. ಚಿಕ್ಕಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು. ಹನ್ನೆರಡು ಗಂಟೆಯ ಹೊತ್ತಿಗೆ ಉಳಿದವರೆಲ್ಲ ಸೋತು ಎರಡು ಬೊಂಬೆ ಉಳಿದವು. ಎರಡೂ ಕೋಣ. ಗುರುತಿಗೆಂದು ದುಶ್ಯಂತ್ ಪರದೆಯಲ್ಲಿ ತಿಪ್ಪೇಶ ತಂದ ಕೋಣನಿಗೆ ನೀಲಿ ಚಡ್ಡಿ, ನನ್ನದಕ್ಕೆ ಕೆಂಪು ಚಡ್ಡಿ ಹಾಕಿಸಿದ.

ಅಣ್ಣ ಆ ಕಡೆ, ನಾನು ಈ ಕಡೆ, ಇಬ್ಬರೂ ಕೈಕಟ್ಟಿ ನಿಂತೆವು. ಅವನು ನನ್ನತ್ತ ತಿರುಗಲೂ ಇಲ್ಲ.

ನೀಲಿ ಮುನ್ನುಗ್ಗಿತು. ಅದನ್ನು ನೋಡಿ ನನಗೆ ಎದೆಯುಬ್ಬಿತು, ನನ್ನ ಕೋಣ ಒಂದಿಷ್ಟೂ ಬದಲಾಗಿರಲಿಲ್ಲ. ಹಾರಿ ಗುದ್ದಿತು, ಒದೆಯಿತು, ಮತ್ತೆ ಹಾರಿತು. ಕೆಂಪು ಹಿಂದೆ ಸರಿಯಿತು. ಇನ್ನೂ ಸರಿಯಿತು. ಅಂಚಿಗೆ ಬಂದು ತೂರಾಡುತ್ತಾ ನಿಂತಿತು. ಹೋಗಬೇಡ, ಅಂದೆ ಮನಸ್ಸಿನಲ್ಲೇ, ನೀಲಿಗೆ. ಅದು ಹೋಯಿತು. ಕೆಂಪು ಎಡಗಾಲು ಹಿಂದಕ್ಕೆಳೆದು, ಸೊಂಟ ಹಿಡಿದು ಎಸೆಯಿತು. ಎರಡನೆಯ ಸುತ್ತಿನಲ್ಲೂ ಅಷ್ಟೇ, ಮೂರನೆಯದರಲ್ಲೂ ಅಷ್ಟೇ. ಪ್ರತಿ ಸಲ ಅದೇ ಆಸೆ, ಅದೇ ಅಂಚು. ನಾನು ಇಷ್ಟು ಸುಲಭವಾಗಿ ಸಿಗುವವನೇ? ಮುನ್ನೂರು ಜನರ ಎದುರು ಪರದೆಯ ಮೇಲೆ ನನ್ನ ಪೆದ್ದುತನವನ್ನು ನಾನೇ ನಿಂತು ನೋಡಿದೆ.

"ಲೇ, ಆ ಕೆಂಪಂದು ತಿಪ್ಪೇಶಣ್ಣನ ಆಟ ಅಲ್ವೇನ್ರೋ!" ಅಂತ ಅಜ್ಜಂಪುರದವನೊಬ್ಬ ಹಿಂದಿನಿಂದ ಕೂಗಿದ. ಎಲ್ಲರೂ ಹೋ ಅಂದು ಚಪ್ಪಾಳೆ ತಟ್ಟಿದರು. ಗೆದ್ದದ್ದು ನಾನು, ಚಪ್ಪಾಳೆ ಅವನಿಗೆ.

ತಿಪ್ಪೇಶ ನನ್ನ ಕೋಣನನ್ನು ಹಿಡಿದು ಬಂದ. ಚಿಕ್ಕಪ್ಪನೂ ಎದ್ದು ಹತ್ತಿರ ಬಂದರು. ಅಣ್ಣ ಬೊಂಬೆಯನ್ನು ನನ್ನ ಅಂಗೈಯಲ್ಲಿ ಇಟ್ಟ.

"ತಗೋ. ಸೋತಿರೋನ್ನ ತಗೊಂಡೋಗು."

"ಸೋತೋನು ನೀನು. ಕಳ್ಳ."

"ನಾನೆಲ್ಲೋ ಸೋತೆ? ಅಲ್ಲಿ ಹೊಡೆದೋನು ಯಾರು, ಹೊಡೆಸ್ಕೊಂಡೋನು ಯಾರು, ಊರೇ ನೋಡ್ತು. ಹುಟ್ದಾಗಿಂದ ನನ್ ಕೈಲಿ ಸೋಲ್ತಾನೇ ಇದೀಯ. ಹಿಂದೆಲ್ಲ ಸುಮ್ನೆ ಸೋಲ್ತಿದ್ದೆ. ಈ ಸಲ ಎಂಟು ತಿಂಗ್ಳು ಕಷ್ಟಪಟ್ಟು ಸೋತೆ ನೋಡು."

ಕೆಂಪು ಚಡ್ಡಿಯ ಕೋಣ ಇನ್ನೂ ದುಶ್ಯಂತನ ರಿಮೋಟಿನ ಮೇಲೇ ಇತ್ತು. ನಾನು ರಿಮೋಟು ಕೈಗೆ ತೆಗೆದುಕೊಂಡು ಮೆನುವಿಗೆ ಹೋದೆ. ಈ ಬೊಂಬೆ ಕಲಿತದ್ದನ್ನೆಲ್ಲ ಅಳಿಸಬೇಕೇ, ಅಳಿಸಿದರೆ ಮರಳಿ ಬರುವುದಿಲ್ಲ, ಎಂದು ಪರದೆ ಕೇಳಿತು.

ತಿಪ್ಪೇಶ ಪರದೆ ನೋಡಿದ, ನನ್ನನ್ನು ನೋಡಿದ. ಅವನ ಮುಖದಲ್ಲಿದ್ದ ನಗು ಹೋಯಿತು.

"ಬ್ಯಾಡ ಕಣೋ ರುದ್ರ."

ಪಾಲಾದ ಮೇಲೆ ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿ ಅಂದ: "ಪಟ್ಟು ಹಾಕೋ ಮುಂಚೆ ಎಡಗಾಲು ಎಳೀತೀನಿ ಅಂತ ನಂಗೇ ಗೊತ್ತಿರ್ಲಿಲ್ಲ ಕಣೋ. ಅಷ್ಟು ನೋಡಿದೀಯ ನೀನು. ಇರ್ಲಿ ಬಿಡು. ಅಳಿಸ್ಬ್ಯಾಡ."

ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಆಮೇಲೆ ಚಿಕ್ಕಪ್ಪನ ಹತ್ತಿರ ಹೇಳಿದೆ. ಸುಳ್ಳು. ಕೇಳಿಸಿತ್ತು. ಅವನ ಮುಖ ನೋಡಿಕೊಂಡೇ ಒತ್ತಿದೆ.

ಅಣ್ಣ ವೇದಿಕೆ ಇಳಿದು, ಚಪ್ಪಲಿ ಹುಡುಕಿ ಹಾಕಿಕೊಂಡು, ಟೆಂಪೊ ಹತ್ತದೆ ಬಸ್ ಸ್ಟ್ಯಾಂಡಿನ ಕಡೆ ಒಬ್ಬನೇ ನಡೆದುಹೋದ. ಅವನು ತಿರುವು ದಾಟುವವರೆಗೂ ಕಾದು ನಾನೂ ಅತ್ತಲೇ ಹೋಗಿ ಕಡೂರಿನ ಬಸ್ಸು ಹತ್ತಿದೆ.

ಈಗ ನನ್ನ ಕೋಣ ನನ್ನ ಮನೆಯಲ್ಲಿದೆ. ಸಂಜೆ ಅದರ ಎದುರು ಕೂರುತ್ತೇನೆ. ಅದು ನಾನು ಮಾಡುವುದನ್ನೇ ಮಾಡುತ್ತದೆ, ಹತ್ತು ನಿಮಿಷಕ್ಕೆ ಬೇಸರವಾಗಿ ಟಿವಿ ಆರಿಸುತ್ತೇನೆ. ಅದನ್ನು ಸೋಲಿಸಬಲ್ಲವನು ಈಗ ಒಬ್ಬನೇ ಉಳಿದಿದ್ದಾನೆ, ಅಜ್ಜಂಪುರದಲ್ಲಿ. ಅವನ ಜೊತೆ ನನಗೆ ಮಾತಿಲ್ಲ.