ಅಟ್ಟಕ್ಕೆ ಹೋದ ಹದಿನೆಂಟು ಕಾರ್ಡು

ಡಬ್ಬಿಗೆ ಯಾರೋ ಕೈ ಹಾಕಿದ್ದಾರೆ ಅನ್ನೋದು ಸೊಸೆಗೆ ಖಾತ್ರಿಯಾದಾಗ ಪರೀಕ್ಷೆಗೆ ಹನ್ನೆರಡೇ ದಿನ ಉಳಿದಿತ್ತು. ನಿನ್ನೆ ತಾನೇ "ನೀನು ಬಾಯಿಗೆ ಬಂದೆ, ಇನ್ನು ತೊಲಗು" ಎಂದು ಕೊನೇ ಖಾನೆಗೆ ತಳ್ಳಿದ್ದ ಕಾರ್ಡು ಇವತ್ತು ಬೆಳಿಗ್ಗೆ ಮೊದಲನೇ ಖಾನೆಯಲ್ಲಿ ಹಲ್ಲು ಕಿರಿಯುತ್ತಾ ಕೂತಿತ್ತು. ಒಂದಾಗಿದ್ದರೆ ಮರೆವು ಅನ್ನಬಹುದಿತ್ತು. ಏಳು!

ಈ ಡಬ್ಬಿಯ ವಿಷಯ ಮೊದಲು ಹೇಳಿಬಿಡ್ತೀನಿ. ಚಪ್ಪಲಿ ಬಂದಿದ್ದ ಡಬ್ಬಿ, ಒಳಗೆ ರಟ್ಟು ಕತ್ತರಿಸಿ ನಿಲ್ಲಿಸಿದ ಐದು ಖಾನೆ. ಕಾರ್ಡಿನ ಮುಂದೆ ಔಷಧಿಯ ಹೆಸರು, ಹಿಂದೆ ಅದು ಯಾತಕ್ಕೆ, ಎಷ್ಟು ಕೊಡಬೇಕು, ಯಾವುದರ ಜೊತೆ ಕೊಡಬಾರದು. ಮೊದಲನೇ ಖಾನೆಯದ್ದನ್ನು ದಿನಾ ನೋಡಬೇಕು. ಸರಿ ಹೇಳಿದರೆ ಕಾರ್ಡು ಮುಂದಿನ ಖಾನೆಗೆ ಹೋಗುತ್ತೆ; ಅಲ್ಲಿಂದ ಎರಡು ದಿನಕ್ಕೊಮ್ಮೆ, ನಾಲ್ಕು, ಎಂಟು, ಹದಿನಾರು. ತಪ್ಪಿದರೆ ಎಲ್ಲೇ ಇರಲಿ, ಸೀದಾ ಮೊದಲನೆಯದಕ್ಕೆ ವಾಪಸ್. ಪರೀಕ್ಷೆ ಹತ್ತಿರ ಬಂತು ಅಂತ ಸೊಸೆ, ನಾದಿನಿ ಇಬ್ಬರೂ ಕೂತು ಈ ದಿನಗಳನ್ನು ಕುಗ್ಗಿಸಿದ್ದರು. ನಾಲ್ಕು ಮೂರಾಯಿತು, ಎಂಟು ಐದಾಯಿತು, ಹದಿನಾರರ ಖಾನೆಗೆ ಪರೀಕ್ಷೆ ಮುಗಿಯೋವರೆಗೂ ರಜ. ನಾದಿನಿ ಅದಕ್ಕೆ 'ಅಟ್ಟ' ಅಂತ ಹೆಸರಿಟ್ಟಳು. ಅಟ್ಟಕ್ಕೆ ಹೋದ ಕಾರ್ಡಿನ ಮುಖ ಇನ್ನು ನೋಡೋ ಹಾಗಿಲ್ಲ. ನಾದಿನಿಗೂ ಇಂಥದ್ದೇ ಡಬ್ಬಿ, ಅವೇ ಔಷಧಿಗಳ ಕಾರ್ಡು.

ಇಬ್ಬರಿಗೂ ಕೆಲಸ ಒಂದೇ ದೊಡ್ಡಾಸ್ಪತ್ರೆಯ ಔಷಧಿ ವಿಭಾಗದಲ್ಲಿ. ನಾದಿನಿ ಮೇಲೆ ಕೌಂಟರಿನಲ್ಲಿ. ಸೊಸೆ ನೆಲಮಾಳಿಗೆಯ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಇಳಿಸಿ ಸೊಂಟ ಹಾಳು ಮಾಡಿಕೊಂಡವಳು. ಖಾಲಿ ಇದ್ದದ್ದು ಮೇಲ್ವಿಚಾರಕಿಯ ಕುರ್ಚಿ ಒಂದೇ ಒಂದು, ಅದಕ್ಕೆ ಇಬ್ಬರೂ ಕಣ್ಣಿಟ್ಟಿದ್ದರು. ಪರೀಕ್ಷೆ ಬರೆಯೋಕೆ ಮೂರೇ ಅವಕಾಶ, ಸೊಸೆಯದ್ದು ಇದು ಮೂರನೆಯದು. ತಪ್ಪಿದರೆ ನಿವೃತ್ತಿವರೆಗೂ ಅದೇ ನೆಲಮಾಳಿಗೆ. ಈಗ ಹೇಳಿ, ತಲೆಗೆ ಹುಳ ಹೊಗದೇ ಇರುತ್ತಾ?

ಅವಳನ್ನು ಬಿಟ್ಟರೆ ಮನೆಯಲ್ಲಿ ಇದ್ದವರೇ ಮೂವರು. ಗಂಡ ಲಾರಿ ಹತ್ತಿ ಹೋದರೆ ತಿಂಗಳಿಗೊಮ್ಮೆ ಮುಖ ತೋರಿಸುವವನು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಸಾವಿರಾರು ನಂಬರು ಬಾಯಲ್ಲೇ ಇಟ್ಟುಕೊಂಡಿದ್ದವರು. ಈಗ ಮಂಡಿ ನೋವು, ಅಡುಗೆಮನೆಯ ಸ್ಟೂಲು ಬಿಟ್ಟು ಏಳುವುದು ಅಪರೂಪ. ಉಳಿದವಳು ಯಾರು? ನಾದಿನಿ.

ಸೊಸೆ ಪೆನ್ಸಿಲ್ ತಗೊಂಡು ಅಟ್ಟದ ಪ್ರತಿ ಕಾರ್ಡಿನ ಮೂಲೆಗೂ ಸಣ್ಣ ಚುಕ್ಕೆ ಇಟ್ಟಳು. ಮಾರನೇ ದಿನ ಚುಕ್ಕೆಯ ನಾಲ್ಕು ಕಾರ್ಡು ಮೊದಲನೇ ಖಾನೆಯಲ್ಲಿ! ಅವಳ ಮೈಯೆಲ್ಲ ಉರಿದುಹೋಯಿತು.

"ಅತ್ತೆ, ನನ್ನ ಡಬ್ಬಿ ಯಾರಾದ್ರೂ ಮುಟ್ಟಿದ್ರಾ?"

ಅತ್ತೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನಿನ್ನ ಡಬ್ಬಿಲಿ ಏನಿದೆ ಅಂತ ನಿನಗೆ ತಾನೇ ಗೊತ್ತಿರಬೇಕು? ಕೂತ್ಕೊಂಡು ಓದು, ಹೋಗು."

ಮಗಳನ್ನು ಸೆರಗಿನಲ್ಲಿ ಮುಚ್ಚಿಡುತ್ತಿದ್ದಾರೆ ಎಂದುಕೊಂಡಳು ಸೊಸೆ. ಎಷ್ಟೇ ಆಗಲಿ ಹೆತ್ತ ಮಗಳಲ್ಲವೇ! ಬಂದಿರೋದನ್ನೇ ಮತ್ತೆ ಮತ್ತೆ ಓದಿಸಿ, ಬರದೇ ಇರೋದಕ್ಕೆ ಹೊತ್ತೇ ಸಿಗದ ಹಾಗೆ ಮಾಡೋದು. ಎಂಥ ಉಪಾಯ! ಅವತ್ತಿನಿಂದ ನಾದಿನಿ ನಕ್ಕರೂ ಅನುಮಾನ, ಕಾಫಿ ತಂದುಕೊಟ್ಟರೂ ಅನುಮಾನ. "ಅತ್ತಿಗೆ, ಎಷ್ಟಾಯ್ತು?" ಅಂದರೆ, "ನಿನಗ್ಯಾಕೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಒಂಬತ್ತು ದಿನ ಇರುವಾಗ ಒಂದು ಮಧ್ಯಾಹ್ನ ನಾದಿನಿ ಡ್ಯೂಟಿಗೆ ಹೋಗಿದ್ದಳು, ಅತ್ತೆ ಸ್ನಾನಕ್ಕೆ ಹೋಗಿದ್ದರು. ಸೊಸೆ ನಾದಿನಿಯ ಡಬ್ಬಿ ತೆರೆದಳು. ಮೊದಲನೇ ಖಾನೆಯಿಂದ ಹದಿನೆಂಟು ಕಾರ್ಡು ಎತ್ತಿ ಅಟ್ಟಕ್ಕೆ ತುರುಕಿದಳು. ನೀನು ನನಗೆ ಮಾಡಿದ್ದಕ್ಕೆ ಇದು, ಲೆಕ್ಕ ಚುಕ್ತಾ ಎಂದುಕೊಂಡಳು. ಆಮೇಲೆ ನಾಲ್ಕು ದಿನ ನಾದಿನಿಯ ಮುಖವನ್ನೇ ಗಮನಿಸಿದಳು. ಅವಳು ಕೂಗಾಡಲಿಲ್ಲ, ಕೇಳಲೂ ಇಲ್ಲ. ಕಳ್ಳಿ, ಕೇಳಿದರೆ ತನ್ನದೂ ಬಯಲಾಗುತ್ತಲ್ಲ ಅಂತ ಸುಮ್ಮನಿದ್ದಾಳೆ ಎಂದು ಸೊಸೆಗೆ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಪರೀಕ್ಷೆಯ ದಿನ ಇಬ್ಬರೂ ಒಂದೇ ಬಸ್ಸು ಹತ್ತಿದರು. ಮುಕ್ಕಾಲು ಗಂಟೆ ದಾರಿ. ಸೊಸೆಯ ತೊಡೆಯ ಮೇಲೆ ದಾರ ಕಟ್ಟಿದ ಡಬ್ಬಿ; ನಾದಿನಿ ಪೆನ್ನು ಬಿಟ್ಟರೆ ಕೈಬೀಸಿಕೊಂಡು ಬಂದಿದ್ದಳು. ಹೆದರಿಕೆಯಾದರೆ ಅವಳ ಬಾಯಿ ನಿಲ್ಲುವುದಿಲ್ಲ.

"ಅತ್ತಿಗೆ, ಇವತ್ತು ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾರ್ಡು ವಾಪಸ್ ಇಡ್ತಿದ್ದದ್ದು ಅಮ್ಮ."

"ಏನು?"

"ನೀವು ಜೋರಾಗಿ ಓದ್ತೀರಲ್ಲ, ಅಮ್ಮ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸ್ಕೋತಾರೆ. ನೀವು ತಪ್ಪು ಹೇಳಿ, ಹಿಂದೆ ತಿರುಗಿಸಿ ನೋಡಿ, 'ಅಯ್ಯೋ ಇದು ಗೊತ್ತಿತ್ತು, ಬಾಯಿಗೆ ಬರಲಿಲ್ಲ ಅಷ್ಟೇ' ಅಂತ ಮುಂದಿನ ಖಾನೆಗೆ ದಾಟಿಸಿಬಿಡ್ತೀರಂತೆ. ನೀವು ಕೆಲಸಕ್ಕೆ ಹೋದ ಮೇಲೆ ಅಂಥವನ್ನ ಹುಡುಕಿ ಮೊದಲನೇ ಖಾನೇಲಿ ಇಡೋರು. ನಿಮ್ಮ ಪರೀಕ್ಷೆ ಹಿಂದಿನ ಎರಡು ಸಲ ಕೆಟ್ಟಿದ್ದೂ ಅದರಿಂದಲೇ ಅಂದ್ರು. ಹೇಳಿದ್ರೆ ನೊಂದ್ಕೋತಾಳೆ, ಬಾಯಿ ಬಿಡಬೇಡ ಅಂತ ನನಗೆ ಆಣೆ ಹಾಕಿಸಿದ್ರು."

ಸೊಸೆ ತೊಡೆಯ ಮೇಲಿನ ಡಬ್ಬಿಯನ್ನೇ ನೋಡಿದಳು. ಹೌದು, ಗೊತ್ತಿತ್ತು, ಬಾಯಿಗೆ ಬರಲಿಲ್ಲ ಅಷ್ಟೇ. ದಿನಕ್ಕೆ ಹತ್ತು ಸಲ ತಾನೇ ಅಂದ ಮಾತು.

"ನಾನು ಚಿಕ್ಕವಳಿದ್ದಾಗಲೂ ಅಮ್ಮ ಹೀಗೇ," ನಾದಿನಿ ನಕ್ಕಳು. "ಈ ಸಲ ನನ್ನದೂ ಹದಿನೆಂಟು ಕಾರ್ಡು ಎತ್ತಿ ಅಟ್ಟಕ್ಕೆ ಹಾಕಿಬಿಟ್ಟಿದ್ರು ನೋಡಿ. ನನಗೆ ಅವು ಬರ್ತವೆ ಅನ್ನೋ ಧೈರ್ಯವೇ ಇರ್ಲಿಲ್ಲ. ಆದ್ರೆ ಅಮ್ಮ ಇಟ್ಟಿದ್ದಾರೆ ಅಂದ್ಮೇಲೆ ಬಂದೇ ಬರ್ತವೆ ಅಂತ ಮುಟ್ಟಲೇ ಇಲ್ಲ."

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಸೊಸೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕುರ್ಚಿ ಒಂದೇ, ಅವಕಾಶ ಕೊನೆಯದು, ಸೊಂಟ ತನ್ನದು. ಇನ್ನು ಅರ್ಧ ಗಂಟೆ ಬಾಯಿ ಹೊಲಿದುಕೊಂಡರೆ ಮುಗಿಯಿತು. ಪಕ್ಕದಲ್ಲಿ ನಾದಿನಿ ಅವಳ ತೋಳಿಗೆ ಒರಗಿ ಕೂತಿದ್ದಳು.

"ನಿನ್ನದು ಅತ್ತೆ ಇಟ್ಟಿದ್ದಲ್ಲ," ಎಂದಳು ಸೊಸೆ. "ನಾನು ಇಟ್ಟಿದ್ದು. ನೀನೇ ನನ್ನ ಡಬ್ಬಿ ಕೆಡಿಸ್ತಿದ್ದೀಯ ಅಂದ್ಕೊಂಡೆ ಕಣೇ. ನಿನಗೆ ಬರದೇ ಇರೋವನ್ನೇ ಬೇಕಂತಲೇ ಇಟ್ಟೆ."

ನಾದಿನಿ ತೋಳಿನಿಂದ ತಲೆ ಎತ್ತಿದಳು. ಒಂದು ಮಾತು ಬೈದಿದ್ದರೂ ಸೊಸೆಗೆ ಸಮಾಧಾನ ಆಗುತ್ತಿತ್ತು.

"ನನ್ನ ಡಬ್ಬಿಲಿ ಆ ಹದಿನೆಂಟೂ ಇವೆ. ಇನ್ನೂ ಅರ್ಧ ಗಂಟೆ ಇದೆ. ನಾನು ಕೇಳ್ತೀನಿ, ನೀನು ಹೇಳು." ಸೊಸೆ ಗಡಿಬಿಡಿಯಿಂದ ದಾರ ಬಿಚ್ಚಿದಳು, ಕಾರ್ಡು ಒಂದೊಂದೇ ಆರಿಸಿ ತೆಗೆದಳು. ಕಣ್ಣು ಮಂಜಾಗಿ ಎರಡು ಸಲ ತಪ್ಪು ಕಾರ್ಡು ಎಳೆದಳು.

"ನೀವು ಕೇಳೋದು ಬೇಡ." ನಾದಿನಿ ಕಾರ್ಡುಗಳನ್ನು ಕೈಯಿಂದ ತಗೊಂಡು ಕಿಟಕಿ ಕಡೆ ಸರಿದು ಕೂತಳು. ಮೊದಲನೆಯದನ್ನು ಓದಿದಳು, ತಿರುಗಿಸಿದಳು, ಮತ್ತೆ ಮುಂದೆ ತಿರುಗಿಸಿದಳು. ಆಮೇಲೆ ಮೊಟ್ಟಮೊದಲ ಸಲ ಅತ್ತಿಗೆಯನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಹಿಂದೆ ಬರೆದಿರೋ ಉತ್ತರವಾದ್ರೂ ಸರಿ ಇದೆಯಾ?"