ಸಾಣೆಯವನ ಗಡ್ಡ

ಕ್ಷೌರಿಕ ಕತ್ತಿಯನ್ನು ಸತ್ತವನ ಕೆನ್ನೆಯ ತನಕ ಒಯ್ದು, ಹಾಗೇ ಹಿಂದಕ್ಕೆ ತೆಗೆದ. ಅಲಗನ್ನು ಹೆಬ್ಬೆರಳಿನಿಂದ ಅಡ್ಡಕ್ಕೆ ಸವರಿ ನೋಡಿ ತಲೆಯಾಡಿಸಿದ.

"ಆಗಲ್ಲಮ್ಮ. ಇದು ಕೂದಲು ತೆಗೆಯಲ್ಲ, ಕೀಳುತ್ತೆ."

ಮಲಗಿದ್ದವನು ನಲವತ್ತು ವರ್ಷ ಆ ಬೀದಿಯ ಕತ್ತರಿ, ಚಾಕು, ಉಳಿಗಳಿಗೆಲ್ಲ ಸಾಣೆ ಹಿಡಿದವನು. ಅವಸರ ಅಂದರೇನೆಂದು ತಿಳಿಯದ ಆಸಾಮಿ. ಅದಕ್ಕೇ ಎಲ್ಲರ ಬಾಯಲ್ಲೂ ನಿಧಾನಯ್ಯ. ಎರಡು ತಿಂಗಳು ಹಾಸಿಗೆ ಹಿಡಿದಿದ್ದ. ಅಷ್ಟರಲ್ಲಿ ಬೀದಿಗೆ ಬೀದಿಯೇ ಮೊಂಡಾಗಿ ಕೂತಿತ್ತು.

"ಗಡ್ಡ ಬಿಟ್ಕೊಂಡು ಎಲ್ಲಿಗೂ ಹೋದವರಲ್ಲ ಇವರು" ಎಂದಳು ಹೆಂಡತಿ. "ಈಗಲೂ ಹೀಗೇ ಕಳಿಸಲ್ಲ ನಾನು."

"ಅಂಗಡಿಯಿಂದ ಒಂದು ಬ್ಲೇಡ್ ತರಿಸಲಾ ಅಮ್ಮ?" ಎಂದಳು ಮಗಳು.

"ಜೀವಮಾನವೆಲ್ಲ ಸಾಣೆ ಹಿಡಿದವನ ಮುಖಕ್ಕೆ ಬಿಸಾಕೋ ಬ್ಲೇಡಾ? ಎದ್ದು ಕೂತು ಬೈತಾನೆ ಅಷ್ಟೆ" ಎಂದ ಕ್ಷೌರಿಕ.

ಬಾಗಿಲ ಬಳಿ ನಿಂತಿದ್ದ ಮೋಟಾರಿನವನ ಮೇಲೆ ಆಗ ಎಲ್ಲರ ಕಣ್ಣೂ ಬಿತ್ತು. ಅವನೂ ಸಾಣೆಯವನೇ. ಅಂಗಡಿ ಬೀದಿಯ ಆ ತುದಿಯಲ್ಲಿ. ಕರೆಂಟಿನ ಗಾಲಿ ಮೊದಲು ತಂದವನೆಂದು ಆ ಹೆಸರು. ಅವನಿಗೂ ನಿಧಾನಯ್ಯನಿಗೂ ಮಾತು ನಿಂತು ಇಪ್ಪತ್ತು ವರ್ಷವಾಗಿತ್ತು.

"ನೀವಿದ್ದೀರಲ್ಲ ಚಿಕ್ಕಪ್ಪ" ಎಂದಳು ಮಗಳು.

"ಇವನ ಕೈಗಾ? ಇವನ ಮೋಟಾರಿಗೆ ಕೊಟ್ಟರೆ ಕತ್ತಿ ಹೋಗಿ ಸೂಜಿಯಾಗಿ ಬರುತ್ತೆ" ಎಂದ ಕ್ಷೌರಿಕ.

"ಮೋಟಾರು ಬೇಡ. ಅಣ್ಣನ ಕಲ್ಲಲ್ಲೇ ಹಿಡೀತೀನಿ" ಎಂದುಬಿಟ್ಟ ಮೋಟಾರಿನವನು. ಅಂದ ಮೇಲೆ ಯೋಚನೆ ಹತ್ತಿತು. ಬದುಕಿರುವವನ ಕೆನ್ನೆ ಕುಯ್ದರೆ ಬೈಯುತ್ತಾನೆ, ನಾಲ್ಕು ದಿನಕ್ಕೆ ವಾಸಿಯಾಗುತ್ತದೆ. ಇವನ ಕೆನ್ನೆ ಕುಯ್ದರೆ ಹಾಗೇ ಹೊತ್ತುಕೊಂಡು ಹೋಗುತ್ತಾನೆ. ನೋಡಿದ ಬೀದಿ ಮರೆಯುವುದಿಲ್ಲ.

ಆದರೂ ಕಾಲು ಹಿತ್ತಿಲ ಕಡೆಯ ಕೆಲಸದ ಕೋಣೆಗೆ ಓಡಿತು. ನಿಧಾನಯ್ಯ ಹಿಡಿದ ಅಲಗು ಆರು ವಾರ ಬಾಳುತ್ತದೆ, ತನ್ನದು ಆರು ದಿನ. ಯಾಕೆ? ಆ ಗುಟ್ಟು ಆ ಕೋಣೆಯಲ್ಲೇ ಇದೆಯೆಂದು ಅವನ ನಂಬಿಕೆ. ತುಳಿಯುವ ಗಾಲಿ, ಸವೆದ ಪೀಠ, ನೀರಿನ ಡಬ್ಬ, ಮರದ ಚೌಕಟ್ಟಿನಲ್ಲಿ ನುಣುಪು ಸಾಣೆಕಲ್ಲು. ಗೂಡಿನಲ್ಲಿ ಒಂದು ಹಸಿರು ಸೀಸೆ. ಅದೇ! ಬೀದಿಯವರೆಲ್ಲ ಹೇಳುತ್ತಿದ್ದ ಸೀಸೆ. ಬಿರಡೆ ಕಿತ್ತು ಮೂಸಿದ.

"ಅದು ಮಂಡಿನೋವಿನ ಎಣ್ಣೆ ಕಣಪ್ಪ" ಎಂದಳು ನೀರು ತಂದಿಟ್ಟ ಅತ್ತಿಗೆ, ನಿಧಾನಯ್ಯನ ಹೆಂಡತಿ. "ಗಾಲಿ ತುಳಿದೂ ತುಳಿದೂ ಮಂಡಿ ಹೋಗಿತ್ತು. ಬೇಕಿದ್ರೆ ತಗೊಂಡು ಹೋಗು."

ಮೋಟಾರಿನವನು ಇಂಗು ತಿಂದ ಮಂಗನಂತಾಗಿ ಬಿರಡೆ ಹಾಕಿದ.

ಕಲ್ಲಿಗೆ ನೀರು ಚಿಮುಕಿಸಿ, ಕತ್ತಿಯನ್ನು ಒರಗಿಸಿ, ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹಾಕಿ ತೀಡಿದ. ಚರ್ಮದ ಪಟ್ಟಿಯ ಮೇಲೆ ಎಳೆದು, ತನ್ನ ಮುಂಗೈಗೆ ತಾಗಿಸಿದ. ರೋಮ ತಾನಾಗಿ ಉದುರಿತು.

"ನೋಡು! ಗಾಳಿಯನ್ನೂ ಸೀಳುತ್ತೆ."

ಹಿಂದೆಯೇ ಬಂದು ನಿಂತಿದ್ದ ಕ್ಷೌರಿಕ ಕತ್ತಿಯನ್ನು ಬೆಳಕಿಗೆ ಹಿಡಿದ. ಮುಖ ಅರಳಲಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ನಿಂತಿದ್ದ.

"ಚೆನ್ನಾಗಿದೆ. ಭಯವೂ ಅದೇ."

"ಯಾಕೆ?"

"ಏನಿಲ್ಲ ಬಿಡು."

ಏನೋ ಇದೆ ಅನ್ನಿಸಿತು ಮೋಟಾರಿನವನಿಗೆ.

*

ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ಮೋಟಾರು ಹೊಸದು. ಕಿಡಿ ಹಾರುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಚಾಕು ಮಾತ್ರ ನಿಧಾನಯ್ಯನಿಗೇ ಕೊಡುತ್ತಿದ್ದರು. ಸಹಿಸಲಾಗದೆ ಮೋಟಾರಿನವನು ತನ್ನ ಹೆಂಡತಿಯ ಕೈಗೆ ಅಡುಗೆಮನೆಯ ಚಾಕು ಕೊಟ್ಟು ಕಳಿಸಿದ. "ಏನು ಹಚ್ತಾನೆ, ಎಷ್ಟು ಹೊತ್ತು ತೀಡ್ತಾನೆ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡು ಬಾ."

ಅವಳು ಬಂದಾಗ ಮಧ್ಯಾಹ್ನ ಕಳೆದಿತ್ತು.

"ಏನು ಹಚ್ಚಿದ?"

"ಏನೂ ಇಲ್ಲ. ಒಂದು ಹಗ್ಗದ ತುಂಡು ಕೊಟ್ಟು, ಕತ್ತರಿಸಮ್ಮ ಅಂದ್ರು. ಕತ್ತರಿಸಿದೆ. ಇನ್ನೊಂದು ಸಲ ಅಂದ್ರು. ನಾನು ಕತ್ತರಿಸುವಷ್ಟು ಹೊತ್ತೂ ನನ್ನ ಕೈಯನ್ನೇ ನೋಡ್ತಿದ್ರು."

"ನಿನ್ನ ಕೈಯನ್ನ? ಅವನಿಗೇನು ಕೆಲಸ ನಿನ್ನ ಕೈ ಹತ್ರ?"

"ಅಯ್ಯೋ, ಪಾತ್ರೆ ತಿಕ್ಕಿ ಬೊಕ್ಕೆ ಬಂದ ಕೈ ಇದು. ನೀವಂತೂ ನೋಡಲ್ಲ, ನೋಡಿದವರನ್ನಾದರೂ ಬಿಡಿ!"

ಅಂದಿನಿಂದ ಅವನು ನಿಧಾನಯ್ಯನ ಜೊತೆ ಮಾತು ಬಿಟ್ಟ. ಆ ಚಾಕು ಮಾತ್ರ ತಿಂಗಳಾದರೂ ಮೊಂಡಾಗಲಿಲ್ಲ.

*

ಮೋಟಾರಿನವನು ಕೆಲಸದ ಕೋಣೆಯ ಬಾಗಿಲು ಮುಚ್ಚಿ ಬಂದು ಸ್ಟೂಲಿನ ಮೇಲೆ ಕೂತ. ಕೆನ್ನೆಗೆ ನೀರು ಹಚ್ಚಿಕೊಂಡ.

"ಎಳಿ."

"ಏನು?"

"ನನ್ನ ಕೆನ್ನೆ ಮೇಲೆ ಎಳಿ. ನಿನ್ನ ಕೈ ನೋಡಬೇಕು ನಾನು."

"ಬೇಡ ಕಣಯ್ಯ."

"ಒಳಗೆ ಹೆಣ ಕಾಯ್ತಿದೆ. ಎಳೀ ಅಂದ್ನಲ್ಲ."

ಕ್ಷೌರಿಕ ಉಸಿರು ಬಿಗಿಹಿಡಿದು ಎಳೆದ. ಅರ್ಧ ದಾರಿಯಲ್ಲಿ ಮಣಿಕಟ್ಟು ಅದುರಿತು. ಕತ್ತಿಯ ಹಿಮ್ಮೂಲೆ, ಹಿಡಿಯ ಕಡೆಯ ತುದಿ, ಒಳಕ್ಕೆ ಇಳಿಯಿತು. ಚುರ್ರೆಂದಿತು. ರಕ್ತ ದವಡೆಗೆ ಇಳಿದು ಅಂಗಿಯ ಕೊರಳಪಟ್ಟಿ ಮುಟ್ಟಿತು. ಕ್ಷೌರಿಕ ಕತ್ತಿಯನ್ನು ಪೀಠದ ಮೇಲಿಟ್ಟ.

"ಎಂಟು ವರ್ಷ ಆಯ್ತು" ಎಂದ ಕ್ಷೌರಿಕ ಕೊನೆಗೆ. "ಹೆಂಡತಿಗೂ ಹೇಳಿಲ್ಲ. ಕೈ ನಡುಗುತ್ತೆ ಅಂತ ಗೊತ್ತಾದ್ರೆ ಯಾರು ಬಂದು ಕುತ್ತಿಗೆ ಕೊಡ್ತಾರೆ ಹೇಳು?"

ಮೋಟಾರಿನವನು ರಕ್ತ ಒರೆಸಿಕೊಳ್ಳಲೂ ಇಲ್ಲ. ಅವನ ಕಣ್ಣು ಆ ಮಣಿಕಟ್ಟಿನ ಮೇಲಿತ್ತು. ಎಲ್ಲಿ ಅದುರುತ್ತದೆ, ಯಾವ ಮೂಲೆ ಮೊದಲು ಒತ್ತುತ್ತದೆ. ಗಾಳಿ ಸೀಳುವ ಅಲಗು ಈ ಕೈಗಲ್ಲ. ಕತ್ತಿಯ ಹಿಮ್ಮೂಲೆಯನ್ನು ಕಲ್ಲಿಗೆ ತಿಕ್ಕಿ ದುಂಡಗೆ ಮಾಡಿದ. ಕತ್ತಿಯ ಬೆನ್ನನ್ನು ಕಲ್ಲಿನಿಂದ ಒಂದೆಳೆಯಷ್ಟು ಎತ್ತಿ ಹಿಡಿದು, ಅಲಗು ತುಸು ದಪ್ಪವಾಗಿ ಕೂರುವಂತೆ ತೀಡಿದ. ಮೋಟಾರಿನ ಮೇಲೆ ಎರಡು ನಿಮಿಷದ ಕೆಲಸ. ಇಲ್ಲಿ ನೀರು ಎರಡು ಸಲ ಬದಲಾಯಿತು.

ಮತ್ತೆ ಕೆನ್ನೆ ಕೊಟ್ಟ. ಸ್ವಲ್ಪ ತರಚಿತು. ಮತ್ತೆ ತೀಡಿದ. ಮೂರನೆಯ ಸಲ ಮಣಿಕಟ್ಟು ಅದುರಿದರೂ ಕತ್ತಿ ಚರ್ಮದ ಮೇಲೆ ಜಾರಿ, ಕೂದಲನ್ನಷ್ಟೇ ಎತ್ತಿಕೊಂಡು ಹೋಯಿತು.

ಮಂಚದ ಬಳಿ ಜನ ಸರಿದು ದಾರಿ ಬಿಟ್ಟರು. ಕ್ಷೌರಿಕ ನೊರೆ ಹಚ್ಚಿ ಶುರುಮಾಡಿದ. ಮೋಟಾರಿನವನು ತಲೆಯ ಹತ್ತಿರ ನಿಂತು ಪ್ರತಿ ಎಳೆತಕ್ಕೂ ತಾನೇ ಹಲ್ಲು ಕಚ್ಚಿದ. ಮೊದಲ ಸಾಲು ಹೋಯಿತು. ಎರಡನೆಯದು. ಗಂಟಲ ಗುಳಿಯ ಹತ್ತಿರ ಕೈ ಅದುರಿತು. ಕತ್ತಿ ಜಾರಿತು, ಕುಯ್ಯಲಿಲ್ಲ. ಬಟ್ಟೆಗೆ ಒರೆಸಿದಾಗಲೆಲ್ಲ ಬಿಳಿ ನೊರೆ, ಬಿಳಿ ಕೂದಲು, ಅಷ್ಟೇ.

ಗಡ್ಡ ಇಳಿದ ಮೇಲೆ ಮೋಟಾರಿನವನು ಬಗ್ಗಿ ನೋಡಿದ. ಇಪ್ಪತ್ತು ವರ್ಷದಲ್ಲಿ ಆ ಮುಖವನ್ನು ಅಷ್ಟು ಹತ್ತಿರದಿಂದ ಕಂಡವನಲ್ಲ. ಬಲಗೆನ್ನೆಯ ಮೇಲೆ, ಕಿವಿಯಿಂದ ದವಡೆಯ ತನಕ, ಕೂದಲೆಳೆಯಂಥ ಬಿಳಿ ಗೀರುಗಳು. ಒಂದಲ್ಲ, ಎರಡಲ್ಲ. ಒಂದರ ಪಕ್ಕ ಒಂದು, ಹಳೆಯವು, ಎಂದೋ ಮಾಯ್ದವು.

ಅವನು ತಲೆಯೆತ್ತಿ ಕ್ಷೌರಿಕನನ್ನು ನೋಡಿದ. ಕ್ಷೌರಿಕ ತಲೆಯೆತ್ತಲಿಲ್ಲ.

"ಅಯ್ಯೋ, ನಿನ್ನ ಕೆನ್ನೆಗೇನಾಯ್ತಪ್ಪ?" ಎಂದಳು ಅತ್ತಿಗೆ. "ರಕ್ತ ಬಂದಿದೆ."

ಇಡೀ ಕೋಣೆ ಅವನತ್ತ ತಿರುಗಿತು. ಕ್ಷೌರಿಕನ ಕೈ ನೊರೆಯ ಬಟ್ಟಲಿನ ಮೇಲೆ ನಿಂತಿತು.

"ಏನಿಲ್ಲ ಅತ್ತಿಗೆ. ಅಲಗು ನೋಡೋಣ ಅಂತ ನಾನೇ ಎಳ್ಕೊಂಡೆ. ಕೈ ಜಾರ್ತು."

"ಇವರೂ ಹಾಗೇ ಅಂತಿದ್ರು, ಯಾವಾಗಲೂ" ಎಂದು ಅವಳು ಗಂಡನ ಕಾಲ ಮೇಲಿನ ಹೊದಿಕೆ ಸರಿಮಾಡಿದಳು. "ಇಷ್ಟು ವರ್ಷ ಸಾಣೆ ಹಿಡಿದು ಕತ್ತಿ ಹಿಡಿಯೋಕೆ ಬರಲ್ಲವಾ ಅಂತ ಬೈತಿದ್ದೆ."

ಕ್ಷೌರಿಕ ಬಟ್ಟೆಯನ್ನು ಬಿಸಿನೀರಿಗೆ ಅದ್ದಿ ಹಿಂಡಿದ. ನಿಧಾನಯ್ಯನ ಗದ್ದ, ಕಿವಿಯ ಹಿಂಭಾಗ, ಕುತ್ತಿಗೆಯ ಮಡಿಕೆಗಳನ್ನು ಒಂದೂ ಬಿಡದೆ ಒರೆಸಿದ. ಆಮೇಲೆ ಅದೇ ಬಟ್ಟೆಯ ಇನ್ನೊಂದು ತುದಿಯನ್ನು ಬೆರಳಿಗೆ ಸುತ್ತಿ, ಎಡಗೈಯಿಂದ ಮೋಟಾರಿನವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ನಡುಗುವ ಬಲಗೈಯಿಂದ ಅವನ ಕೆನ್ನೆ ಒರೆಸತೊಡಗಿದ. ಮೋಟಾರಿನವನು ಕದಲದೆ ನಿಂತಿದ್ದ.