ಸುಣ್ಣ ಮುಚ್ಚಿದ ಸೀಬೆ ಬುಡ

ಆಷಾಢದ ಗಾಳಿ ನಿಂತು ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಹಾಲಿನವರು ಬಂದು ಹೋದ ಹೊತ್ತು. ನನ್ನ ತಮ್ಮನ ಮಗ ಸುನಿಲ್ ಶಿವಾಜಿನಗರದಿಂದ ಗೊಬ್ಬರಕ್ಕೆಂದು ಮೂಳೆ ಮೂಟೆಗಳನ್ನು ತಂದು ತೋಟದ ಬಾಗಿಲಲ್ಲಿ ಇಳಿಸಿದ. ಅವನ ಅಕ್ಕ ಹಂಸ ಅಡ್ಡ ನಿಂತಳು. ಶುರುವಾದದ್ದು ಅಲ್ಲಿಂದ.

ಕಗ್ಗದಾಸಪುರದ ನಮ್ಮ ಹೊಲಗಳೆಲ್ಲ ಮನೆಗಳಾಗಿ, ಉಳಿದದ್ದು ಇದೊಂದು ಸೀಬೆ ತೋಟ. ಮೂರು ಕಡೆ ಅಪಾರ್ಟ್‌ಮೆಂಟಿನ ಗೋಡೆ, ಒಂದು ಕಡೆ ಸುನಿಲನ ಮನೆ. ಅವನ ಪಡಸಾಲೆ ದಾಟಿಯೇ ತೋಟಕ್ಕೆ ಹೋಗಬೇಕು. ಗಂಡ ಸತ್ತು ಹಂಸ ತವರಿಗೆ ಬಂದಾಗ ಸುನಿಲ್ ತೋಟವನ್ನು ಅವಳಿಗೆ ಬಿಟ್ಟುಕೊಟ್ಟ. ಹಣ್ಣು ರಸೆಲ್ ಮಾರುಕಟ್ಟೆಗೆ ಹೋಗುತ್ತಿತ್ತು. ಅದರಲ್ಲೇ ಅವಳ ಬಟ್ಟೆ, ಔಷಧಿ, ಕೈಖರ್ಚು. ತಮ್ಮನ ಮುಂದೆ ಅವಳು ಕೈ ಚಾಚಿದವಳಲ್ಲ.

ತಮ್ಮ ಮಾತ್ರ ಕೊಡುವುದನ್ನು ಬಿಡಲಿಲ್ಲ. ಬುಡಕ್ಕೆ ಮೂಳೆ ಹಾಕುವುದು ನಮ್ಮಪ್ಪನ ಕಾಲದ ಪದ್ಧತಿ. ಅಪಾರ್ಟ್‌ಮೆಂಟು ಬಂದ ಮೇಲೆ ವಾಸನೆಯೆಂದು ಮೇಲಿನಿಂದ ಬೈಗುಳ. ಬೀದಿ ನಾಯಿಗಳು ಬೇರೆ ಕೆದಕುತ್ತಿದ್ದವು. ಅದಕ್ಕೆ ಸುನಿಲ್ ಮೂಳೆಯ ಮೇಲೆ ಸುಣ್ಣ ಸುರಿದು ಮುಚ್ಚತೊಡಗಿದ. ವಾಸನೆ ಹೋಯಿತು. ಗಿಡಗಳು ಬರುಬರುತ್ತ ಸೊರಗಿದವು. ಎಲೆ ಕೆನ್ನೇರಳೆಗೆ ತಿರುಗಿತು, ಕಾಯಿ ನಿಂಬೆಯಷ್ಟಕ್ಕೇ ನಿಂತಿತು. ಅವನು ಇನ್ನಷ್ಟು ಮೂಳೆ ತಂದ.

ಹಂಸ ಮಣ್ಣು ಪರೀಕ್ಷೆ ಮಾಡಿಸಿದಳು. ನೋಡಲು ಬಂದ ಪ್ರತಿಭಾ ಎಂಬ ತೋಟಗಾರಿಕೆ ಇಲಾಖೆಯ ಅಧಿಕಾರಿ ಬಿಡಿಸಿ ಹೇಳಿದಳು. ಮೂಳೆಯಲ್ಲಿರುವುದು ರಂಜಕ, ಬೇರಿಗೂ ಹೂವಿಗೂ ಅದು ಬೇಕು. ಈ ಮಣ್ಣಿನಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚೇ ಇದೆ, ಆದರೆ ಸುಣ್ಣ ಅದನ್ನು ಕಚ್ಚಿ ಹಿಡಿದಿದೆ, ಬೇರಿಗೆ ಬಿಡುತ್ತಿಲ್ಲ. ಇನ್ನು ಮೂಳೆಯೂ ಬೇಡ, ಸುಣ್ಣವೂ ಬೇಡ. ಹುರುಳಿ ಬಿತ್ತಿ ಹೂ ಬಂದಾಗ ಅಲ್ಲೇ ಮಣ್ಣಿಗೆ ಮಗುಚಿ, ತರಗು ಹೊದಿಸಿ, ಕೆಲವು ವರ್ಷ ಕಾಯಿರಿ ಎಂದಳು.

ಆ ಬೆಳಿಗ್ಗೆ ಹಂಸ ತಡೆದದ್ದು ಅದಕ್ಕೇ.

“ನೀನು ಏನೂ ಹಾಕ್ಬೇಡ ಕಣೋ. ಅಷ್ಟು ಮಾಡು, ಸಾಕು.”

“ಸಾಯೋ ಗಿಡಕ್ಕೆ ಅನ್ನ ಹಾಕ್ಬೇಡ ಅಂದ್ರೆ ಹೆಂಗಕ್ಕ? ಅಕ್ಕನ ತೋಟ ಅಂತ ಬಿಟ್ಬಿಟ್ಟ ಅನ್ನಲ್ವಾ ಜನ?”

“ಅನ್ನೋರು ಬಂದು ಹಣ್ಣು ಬಿಡ್ತಾರಾ?”

ಸುನಿಲ್ ಮೂಟೆಗಳನ್ನು ಕೊಟ್ಟಿಗೆಗೆ ಸಾಗಿಸಿದ. ಹಂಸ ಹುರುಳಿ ಬಿತ್ತಿದಳು. ಕೆಸರುಗಾಲಲ್ಲೇ ಅವಳು ಪಡಸಾಲೆ ದಾಟಬೇಕಿತ್ತು. ಅವಳು ಬರುವ ಹೊತ್ತಿಗೆ ಸರಿಯಾಗಿ ಸುನಿಲನ ಹೆಂಡತಿ ಧನಲಕ್ಷ್ಮಿ ನೆಲಕ್ಕೆ ಗೋಣಿ ಹಾಸಿಡುತ್ತಿದ್ದಳು. ಹಂಸ ಗೋಣಿಯ ಆಚೆ ಕಾಲಿಡದೆ ಓಡಾಡುವುದನ್ನು ಕಲಿತಳು.

ದಸರಾ ಕಳೆದ ಮೇಲೆ ಹಂಸ ಒಂದು ದಿನ ಹಲಸೂರಿನ ನೆಂಟರ ಮನೆಗೆ ಹೋಗಿದ್ದಳು. ತಿರುಗಿ ಬರುವಷ್ಟರಲ್ಲಿ ಸುನಿಲ್ ಹೂವಿಗೆ ಬಂದಿದ್ದ ಹುರುಳಿಯನ್ನು ಕಿತ್ತು, ಬುಡ ಬಿಡಿಸಿ, ಮೂಳೆ ತುಂಬಿ ಸುಣ್ಣ ಮುಚ್ಚಿದ್ದ. ಆಳು ಕರೆಯದೆ ನಾನೊಬ್ಬನೇ ಮಾಡಿದೆ ಎಂದು ಬೆವರು ಒರೆಸಿಕೊಂಡ. ಸುಣ್ಣಕ್ಕೆ ಅವನ ಅಂಗೈ ಬೊಬ್ಬೆ ಎದ್ದಿತ್ತು. ಹಂಸ ಬಯ್ಯಲಿಲ್ಲ. ಆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದಳು.

ಆಮೇಲೆ ಬಂದು ನನ್ನ ಪಕ್ಕ ಕೂತಳು. ಅವನಿಗೆ ಬುದ್ಧಿ ಹೇಳುತ್ತೇನೆ ಎಂದೆ.

“ಏನಂತ ಹೇಳ್ತೀಯ ದೊಡ್ಡಪ್ಪ? ಅವನು ಕೆಟ್ಟದ್ದೇನು ಮಾಡವ್ನೆ? ನಾನಿಲ್ಲಿರೋ ಗಂಟ ಅವನು ಕೊಡೋದು ನಿಲ್ಸಲ್ಲ.”

ಹಾಗೆಂದವಳು ಮರುದಿನವೇ ಕೆಲಸ ಹುಡುಕಲು ಹೊರಟಳು.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಒಂದು ಹಣ್ಣಿನ ಅಂಗಡಿಯಲ್ಲಿ ಅವಳು ಕೆಲಸ ಹಿಡಿದಳು, ಅಲ್ಲೇ ಹಿಂದೆ ಒಂದು ಕೋಣೆ. ಹೊರಡುವಾಗ ಸುನಿಲ್ ಆಟೋಗೆ ಅಕ್ಕಿ ಮೂಟೆ ಏರಿಸಿದ. ಅವಳು ಇಳಿಸಿದಳು. ಅವನು ಮತ್ತೆ ಏರಿಸಿದ. ಈ ಸಲ ಅವಳು ಅದರ ಪಕ್ಕದಲ್ಲೇ ಮುದುಡಿ ಕೂತಳು. ಹಂಸ ಹೋದದ್ದು ಕಾರ್ತಿಕದ ಮೊದಲ ಸೋಮವಾರ.